ಒಡೆದ ಬಳೆಯ ಶಿಲ್ಪ

ನಮ್ಮ ನಡುಮನೆಯ ಬಾಗಿಲಿಗೆ ಬಳೆಚೂರಿನ ತೋರಣವೊಂದಿದ್ದಿತು. ಮದುವೆಯಾದ ಹೊಸತರಲ್ಲಿ ಅಜ್ಜಿ ತನ್ನ ಕೈಯಿಂದಲೇ ಮಾಡಿದ್ದಂತೆ. ಮೂರು ವರ್ಷಗಳ ಹಿಂದೆ ಮನೆಗೆ ಸುಣ್ಣ ಬಳಿಯುವಾಗ, ಈ ಕಸವೇಕೆ ಎಂದು ಅದನ್ನು ಕಿತ್ತು ತಿಪ್ಪೆಗೆ ಎಸೆದವನು ನಾನೇ. ಅಜ್ಜಿ ಏನೂ ಅನ್ನಲಿಲ್ಲ. ಕಳೆದ ರಜೆಯಲ್ಲಿ ಅಣ್ಣನೊಡನೆ ಚಂಡೀಗಢಕ್ಕೆ ಹೋಗಿ ಅಲ್ಲಿಯ ರಾಕ್ ಗಾರ್ಡನ್ನಿನಲ್ಲಿ ನಿಂತಾಗ ನನಗೆ ಮೊದಲು ನೆನಪಾದುದು ಆ ತೋರಣ.

ಚಂಡೀಗಢವು ಲ ಕಾರ್ಬೂಸಿಯೇ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಗೆರೆ ಎಳೆದು ರೂಪಿಸಿದ ಪಟ್ಟಣ. ಅದು ಏಳುವ ಮುನ್ನ ಆ ನೆಲದಲ್ಲಿದ್ದ ಹಳ್ಳಿಗಳು ನೆಲಸಮವಾದವು. ಮನೆಗಳು ಹೋದವು, ಮಡಕೆ, ಹೆಂಚು, ಬಳೆಗಳ ಚೂರುಗಳು ಉಳಿದವು. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರರಾಗಿದ್ದ ನೇಕ್ ಚಂದರು ಇವನ್ನು ಸೈಕಲ್ಲಿನ ಮೇಲೆ ಹೇರಿಕೊಂಡು, ಸುಖನಾ ಸರೋವರದ ಬಳಿಯ ಕುರುಚಲು ಕಾಡಿಗೆ ಸಾಗಿಸತೊಡಗಿದರು. ದೇಶವಿಭಜನೆಯಲ್ಲಿ ತಮ್ಮ ಹಳ್ಳಿಯನ್ನೇ ಕಳೆದುಕೊಂಡು ಬಂದಿದ್ದವರು ಅವರು. ಆ ಕಾಡಿನಲ್ಲಿ ಏನನ್ನೂ ಕಟ್ಟಕೂಡದೆಂದು ಸರಕಾರದ ನಿಯಮವಿದ್ದಿತು. ಆದುದರಿಂದ 1950ರ ದಶಕದ ಕೊನೆಯಿಂದ ಸುಮಾರು ಹದಿನೆಂಟು ವರ್ಷ ಕೆಲಸವೆಲ್ಲ ಗುಟ್ಟಾಗಿಯೇ ನಡೆಯಿತು, ಅದೂ ಕಚೇರಿಯ ದುಡಿಮೆ ಮುಗಿದ ಮೇಲೆ.

ಬೊಂಬೆ ಮಾಡುವ ಕ್ರಮ ಬಹಳ ಸರಳ. ಹಳೆಯ ಸೈಕಲ್ಲಿನ ಭಾಗಗಳು, ಕಬ್ಬಿಣದ ಸಲಾಕೆ ಇವುಗಳಿಂದ ಮೊದಲು ಎಲುಬುಗೂಡು. ಅದರ ಮೇಲೆ ಸಿಮೆಂಟಿನ ಗಾರೆ. ಗಾರೆ ಹಸಿಯಾಗಿರುವಾಗಲೇ ಮೈತುಂಬ ಬಳೆಚೂರು, ಪಿಂಗಾಣಿಚೂರು ಒತ್ತುವುದು. ಬಳೆಯ ಚೂರಿಗೆ ಹುಟ್ಟಿನಿಂದಲೇ ಒಂದು ಬಾಗು ಉಂಟಷ್ಟೆ. ಸಾಲುಸಾಲಾಗಿ ಕೂತಾಗ ಆ ಬಾಗು ಬಿಸಿಲಿಗೆ ಮಿಂಚಿ, ಹೆಂಗಸೊಬ್ಬಳು ಸೆರಗು ಹೊದ್ದು ನಿಂತಂತೆ ತೋರುತ್ತದೆ. ವಿದ್ಯುತ್ತಿನ ಪಿಂಗಾಣಿ ಸಾಮಾನುಗಳನ್ನೇ ಜೋಡಿಸಿದ ಗೋಡೆಯೂ ಅಲ್ಲಿದೆ.

ಊರಿಗೆ ಬಂದು ಇದನ್ನೆಲ್ಲ ವರ್ಣಿಸಿದಾಗ ನಮ್ಮ ಇತಿಹಾಸದ ಅಧ್ಯಾಪಕರು ನಕ್ಕರು. ಬೇಲೂರಿನ ಮದನಿಕೆಯನ್ನು ಕಂಡ ಕಣ್ಣಿಗೆ ಇದು ಶಿಲ್ಪವೇನಯ್ಯಾ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಿಡಿಯಾಗಿ ನೋಡಿದರೆ ಒಂದೊಂದು ಬೊಂಬೆಯೂ ಒರಟು. ಮುಖಗಳೆಲ್ಲ ಒಂದೇ ಅಚ್ಚು. ಆದರೆ ಅವು ಬಿಡಿಯಾಗಿ ನಿಂತಿಲ್ಲ. ನೂರಾರು ಮಂದಿ ಸಂತೆಗೆ ಹೊರಟಂತೆ ಸಾಲುಗಟ್ಟಿವೆ. ಎದುರು ನಿಂತರೆ, ಕಿತ್ತುಹೋದ ಹಳ್ಳಿಯೇ ನಮ್ಮನ್ನು ಮಾತಿಲ್ಲದೆ ನೋಡುತ್ತಿರುವಂತೆ ನನಗನ್ನಿಸಿತು. ಮದನಿಕೆಯ ಮುಂದೆ ನಾನು ಬೆರಗಾಗಿದ್ದೇನೆ, ನಿಜ, ಹೀಗೆ ಅಳುಕಿದ್ದಿಲ್ಲ.

1970ರ ದಶಕದ ನಡುವಿನಲ್ಲಿ ಅಧಿಕಾರಿಗಳಿಗೆ ಸುದ್ದಿ ತಿಳಿಯಿತು. ಕಾನೂನಿನಂತೆ ಎಲ್ಲವನ್ನೂ ಕೆಡವಬೇಕಿತ್ತು. ಜನ ಒಪ್ಪಲಿಲ್ಲ. 1976ರಲ್ಲಿ ಅದು ಸಾರ್ವಜನಿಕ ಉದ್ಯಾನವಾಯಿತು. ನೇಕ್ ಚಂದರಿಗೆ ಅದೇ ಕೆಲಸಕ್ಕೆ ಸಂಬಳವೂ ಐವತ್ತು ಮಂದಿ ಆಳುಗಳೂ ದೊರೆತರು. 1984ರಲ್ಲಿ ಪದ್ಮಶ್ರೀ ಬಂದಿತು. ಆದರೂ 1996ರಲ್ಲಿ, ಅವರು ಪರದೇಶಕ್ಕೆ ಹೋಗಿದ್ದಾಗ, ಯಾರೋ ನುಗ್ಗಿ ಹಲವು ಬೊಂಬೆಗಳನ್ನು ಒಡೆದುಹಾಕಿದರು. 2015ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಈ ದೀಪಾವಳಿಗೆ ಊರಿಗೆ ಹೋದಾಗ, ತೋರಣ ಮಾಡುವುದನ್ನು ಕಲಿಸೆಂದು ಅಜ್ಜಿಯನ್ನು ಕೇಳಿದೆ. 'ಎಸೆದವನು ನೀನೇ ಅಲ್ಲವೇನೋ!' ಎಂದು ನಕ್ಕಳು. ಆದರೂ ದೀಪ ಹಚ್ಚಿಕೊಂಡು ಕೂತಳು. ಚೂರಿನ ನಡುಭಾಗವನ್ನು ಉರಿಗೆ ಹಿಡಿಯಬೇಕು. ಗಾಜು ಮೆತ್ತಗಾದೊಡನೆ ಎರಡು ತುದಿಗಳನ್ನೂ ಕೂಡಿಸಬೇಕು. ಕೂಡಿಸುವ ಮುನ್ನ ಹಿಂದಿನ ಕೊಂಡಿಯೊಳಗೆ ತೂರಿಸಿರಬೇಕು. ಅವಸರಪಟ್ಟರೆ ಚಿಟ್ಟೆಂದು ಸಿಡಿಯುತ್ತದೆ. ಎರಡು ಬೆರಳು ಸುಟ್ಟುಕೊಂಡು ನಾನು ಈವರೆಗೆ ಮಾಡಿರುವುದು ಹನ್ನೊಂದು ಕೊಂಡಿ. ಬಾಗಿಲ ಅಗಲಕ್ಕೆ ನೂರಾದರೂ ಬೇಕು. ಯಾರ ಮನೆಯಲ್ಲಾದರೂ ಬಳೆಚೂರುಗಳಿದ್ದರೆ ಹಾಸ್ಟೆಲಿನ ನನ್ನ ಕೋಣೆಗೆ ತಲುಪಿಸಬೇಕಾಗಿ ವಿನಂತಿ. ಹಸಿರಾದರೆ ಅಜ್ಜಿಗೆ ಹೆಚ್ಚು ಇಷ್ಟ.