ಕಪ್ಪೆರಾಯನಿಗೊಂದು ತಣ್ಣನೆ ಮನೆ

ಕಪ್ಪೆ ಸಾಕೋದಾ ಅಂತ ಮೂಗು ಮುರಿಯಬೇಡಿ. ನಾಯಿ, ಬೆಕ್ಕು, ಲವ್ ಬರ್ಡ್ಸ್ ಎಲ್ಲ ಆಯ್ತು, ಈಗ ಕೆಲವು ಮಕ್ಕಳ ಕಣ್ಣು ವಿದೇಶಿ ಕಪ್ಪೆಗಳ ಮೇಲೆ. ದಕ್ಷಿಣ ಅಮೆರಿಕದ ಗುಂಡು ಗುಂಡಾದ ಪ್ಯಾಕ್‌ಮನ್ ಕಪ್ಪೆ, ಆಸ್ಟ್ರೇಲಿಯಾದ ಹಸಿರು ಮರಗಪ್ಪೆ ಗಾಜಿನ ಪೆಟ್ಟಿಗೆಯಲ್ಲಿ ಸಂಸಾರ ಹೂಡುತ್ತಿವೆ. ಹಟ ಮಾಡಿ ತರುವವರು ಮಕ್ಕಳು, ನೋಡಿಕೊಳ್ಳುವವಳು ಅಮ್ಮ ತಾನೆ!

ಒಂದು ಸಂಗತಿ ನೆನಪಿಡಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರಿಕೊಳ್ಳುತ್ತದೆ. ಅಂದರೆ ಅದು ಕೂತ ನೆಲವೇ ಅದರ ಲೋಟ. ಅಲ್ಲಿ ಗೊಬ್ಬರ, ಉಪ್ಪು, ಫಿನಾಯಿಲ್ ಏನೇ ಇದ್ದರೂ ನೇರ ಮೈಗೆ ಸೇರುತ್ತದೆ.

ನೆಲಕ್ಕೆ ಏನು ಹಾಸಬೇಕು?

ಅಂದ ಅಂತ ಬಣ್ಣದ ಸಣ್ಣ ಕಲ್ಲು ಹಾಕಲೇಬೇಡಿ. ಹುಳ ಹಿಡಿಯಲು ನಾಲಿಗೆ ಚಾಚಿದಾಗ ಕಲ್ಲೂ ಹೊಟ್ಟೆಗೆ ಹೋಗಿ ಕರುಳು ಕಟ್ಟಿಕೊಂಡರೆ ಕಪ್ಪೆ ಉಳಿಯುವುದು ಕಷ್ಟ. ಪೈನ್, ದೇವದಾರು ಮರದ ಹೊಟ್ಟೂ ಬೇಡ, ಅದರ ಘಾಟು ಎಣ್ಣೆ ಆಗಿಬರುವುದಿಲ್ಲ.

ನರ್ಸರಿಯಲ್ಲಿ ಸಿಗುವ ಕೊಕೊಪೀಟ್ ಒಳ್ಳೆಯದು. ಗೊಬ್ಬರ ಬೆರೆಸಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಅದರಲ್ಲಿ ಉಪ್ಪಿನಂಶ ಇರಬಹುದು, ಮೂರ್ನಾಲ್ಕು ಸಲ ತೊಳೆದು ಹಿಂಡಿ. ಹದ ಹೇಗೆ ಗೊತ್ತಾಗಬೇಕು? ತಂಬಿಟ್ಟಿನ ಹಾಗೆ ಮುಷ್ಟಿಯಲ್ಲಿ ಒತ್ತಿ. ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಮಣ್ಣಲ್ಲಿ ಹೂತು ಕೂರುವ ಪ್ಯಾಕ್‌ಮನ್‌ಗೆ, ನೆಲಗಪ್ಪೆಗೆ ಮೂರ್ನಾಲ್ಕು ಇಂಚು ದಪ್ಪ ಬೇಕು. ಮರಗಪ್ಪೆಗೆ ತೆಳುವಾಗಿ ಹಾಸಿದರೆ ಸಾಕು. ಹುಳವನ್ನು ನೆಲದ ಮೇಲೆ ಬಿಡದೆ ಚಿಕ್ಕ ಬಟ್ಟಲಲ್ಲಿ ಕೊಡಿ.

ಅಡಗಲು ಜಾಗ

ಮರೆ ಇಲ್ಲದ ಕಪ್ಪೆ ಹೆದರಿ ಊಟ ಬಿಡುತ್ತದೆ. ಇದಕ್ಕೆ ದುಡ್ಡು ಸುರಿಯಬೇಕಿಲ್ಲ.

* ಅರ್ಧ ಒಡೆದ ಮಣ್ಣಿನ ಕುಂಡ ಅಥವಾ ತೆಂಗಿನ ಚಿಪ್ಪು ಬೋರಲು ಹಾಕಿ. ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ. ಕಪ್ಪೆ ಸಲೀಸಾಗಿ ಒಳಹೊರಗೆ ಓಡಾಡುವಷ್ಟು ಬಾಯಿ ಇರಲಿ.
* ಬಣ್ಣ ಬಳಿದದ್ದು, ತಾಮ್ರ ಅಥವಾ ತಗಡಿನದು ಬೇಡ.
* ಸಡಿಲ ಮಣ್ಣಿನ ಮೇಲೆ ಭಾರದ ಕಲ್ಲಿಡಬೇಡಿ. ಅಡಿಯಲ್ಲಿ ತೋಡಿದರೆ ಮೈಮೇಲೆ ಕುಸಿದೀತು.
* ಮರಗಪ್ಪೆಗೆ ಮನಿಪ್ಲಾಂಟ್ ಬಳ್ಳಿ, ದಪ್ಪ ರೆಂಬೆ ಇಷ್ಟ. ಎಲೆಗಳನ್ನೂ ಬೇರನ್ನೂ ಮೊದಲು ಚೆನ್ನಾಗಿ ತೊಳೆಯಿರಿ.

ನಲ್ಲಿ ನೀರಿನ ಕ್ಲೋರಿನ್ ಅದಕ್ಕಾಗದು. ಅಕ್ವೇರಿಯಂ ಅಂಗಡಿಯ ಕ್ಲೋರಿನ್ ನಿವಾರಕ ಹನಿ ಹಾಕಿಯೇ ಬಳಸಿ. ಕೊಳೆಯನ್ನು ದಿನವೂ ತೆಗೆಯಿರಿ. ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ, ಕಪ್ಪೆಯಿಂದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಬಹುದು. ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲೇಬೇಕು.

ಕೊನೆಗೊಂದು ಮಾತು. ಬೇಜಾರಾಯ್ತು ಅಂತ ವಿದೇಶಿ ಕಪ್ಪೆಯನ್ನು ಕೆರೆಗೆ ಬಿಡಬೇಡಿ, ಅದರ ಹಳೇ ಮಣ್ಣನ್ನು ತೋಟಕ್ಕೂ ಸುರಿಯಬೇಡಿ. ಜಗತ್ತಿನ ಎಷ್ಟೋ ಕಡೆ ಕಪ್ಪೆಗಳನ್ನು ನಾಶ ಮಾಡಿದ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಹಬ್ಬಿರುವುದರಲ್ಲಿ ಸಾಕುಕಪ್ಪೆಗಳ ವ್ಯಾಪಾರದ ಪಾಲೂ ಇದೆ. ಹಾಗೆಯೇ ನಮ್ಮೂರ ಕಪ್ಪೆಯನ್ನು ಹಿಡಿದು ತಂದು ಪೆಟ್ಟಿಗೆಗೆ ಹಾಕುವುದೂ ಬೇಡ. ಹಿತ್ತಲ ನೆರಳಲ್ಲಿ ಅದೇ ಒಡೆದ ಕುಂಡ ಬೋರಲು ಹಾಕಿಡಿ. ಮಳೆಗಾಲದಲ್ಲಿ ಅದು ತಾನಾಗಿಯೇ ಬಂದು, ಗಿಡದ ಹುಳ ತಿಂದು, ತನ್ನ ಪಾಡಿಗೆ ಹೋಗುತ್ತದೆ!