ಮೇಷ್ಟ್ರಿಗೂ ಪಾಠ ಬೇಕೆ?



"ಮೇಷ್ಟ್ರು ಇವತ್ತೂ ತರಬೇತಿಗೆ ಹೋಗಿದ್ದಾರಂತೆ. ಮಕ್ಕಳಿಗೆ ಪಾಠ ಹೇಳುವವರು ಯಾರು?" ಎಂಬ ಮಾತು ಅರಳಿಕಟ್ಟೆಯ ಮೇಲೆ ಆಗಾಗ ಕೇಳಿಬರುತ್ತದೆ. ಈ ಪ್ರಶ್ನೆಯಲ್ಲಿ ಹುರುಳಿದೆ. ಇಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಒಬ್ಬರು ಹೊರಗೆ ಹೋದರೆ ಉಳಿದವರೊಬ್ಬರೇ ಐದೂ ತರಗತಿಗಳನ್ನು ನೋಡಿಕೊಳ್ಳಬೇಕು. ಹೊಲದ ಕೆಲಸಕ್ಕೆ ಕೈ ಸಾಲದಿದ್ದರೂ ಮಗುವನ್ನು ಶಾಲೆಗೆ ಕಳಿಸಿದ ನಿಮಗೆ ಬೇಸರವಾಗುವುದು ಸಹಜ. ಆದರೂ ಕೋಪಿಸಿಕೊಳ್ಳುವ ಮೊದಲು ಉಪಾಧ್ಯಾಯರು ಎಲ್ಲಿಗೆ ಹೋದರು, ಏಕೆ ಹೋದರು ಎಂಬುದನ್ನು ತಿಳಿಯುವುದು ಒಳ್ಳೆಯದು.

ಕಲಿತವರು ಮತ್ತೆ ಕಲಿಯುವುದೇಕೆ?

ನಿಮ್ಮ ಬೇಸಾಯವನ್ನೇ ನೋಡಿ. ಅಪ್ಪನಿಂದ ಕಲಿತ ಒಕ್ಕಲುತನ ಕೈಯಲ್ಲಿದೆ. ಆದರೂ ಹೊಸ ತಳಿ ಬಂದಾಗ, ಹೊಸ ಹುಳು ಬಿದ್ದಾಗ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳುತ್ತೀರಿ. ಪಕ್ಕದ ಹೊಲದವನ ಪೈರು ಚೆನ್ನಾಗಿದ್ದರೆ ಬದುವಿನ ಮೇಲೆ ನಿಂತು ವಿಚಾರಿಸುತ್ತೀರಿ. ಉಪಾಧ್ಯಾಯರ ಕೆಲಸವೂ ಹೀಗೆಯೇ. ಪುಸ್ತಕ ಬದಲಾಗುತ್ತದೆ, ಮಕ್ಕಳು ಬದಲಾಗುತ್ತಾರೆ. ಮನೆಯಲ್ಲಿ ಲಂಬಾಣಿಯನ್ನೋ ತೆಲುಗನ್ನೋ ಆಡುವ ಮಗುವಿಗೆ ಕನ್ನಡದ ಅಕ್ಷರ ಕಲಿಸುವ ಬಗೆ ಬೇರೆ. ಒಬ್ಬರೇ ಒಂದು ಕೋಣೆಯಲ್ಲಿ ನಿಂತು ವರ್ಷಗಟ್ಟಲೆ ಪಾಠ ಹೇಳುವವರಿಗೆ ತಮ್ಮ ತಪ್ಪು ತಮಗೇ ಕಾಣುವುದಿಲ್ಲ. ತೋರಿಸಿಕೊಡುವ ಸ್ನೇಹಿತರು ಬೇಕು.

ನೆರವು ಕೊಡುವವರು ಯಾರು?

ಸುತ್ತಲಿನ ಕೆಲವು ಶಾಲೆಗಳನ್ನು ಸೇರಿಸಿ ಒಂದು ಸಮೂಹ ಸಂಪನ್ಮೂಲ ಕೇಂದ್ರವಿರುತ್ತದೆ. ಅಲ್ಲಿನ ಸಂಪನ್ಮೂಲ ವ್ಯಕ್ತಿಯನ್ನು ಸಿ.ಆರ್.ಪಿ. ಎನ್ನುತ್ತಾರೆ. ಇವರೂ ಉಪಾಧ್ಯಾಯರೇ. ಶಾಲೆಗೆ ಬಂದು, ತರಗತಿಯಲ್ಲಿ ಕುಳಿತು ಪಾಠ ನೋಡಿ, ಸಲಹೆ ಕೊಡುವುದು ಇವರ ಮುಖ್ಯ ಕೆಲಸ. ಸಮೂಹದ ಉಪಾಧ್ಯಾಯರೆಲ್ಲ ಸಮಾಲೋಚನಾ ಸಭೆಯಲ್ಲಿ ಕೂಡಿ ತಮ್ಮ ತೊಡಕುಗಳನ್ನು ಮಾತನಾಡಿಕೊಳ್ಳುತ್ತಾರೆ. ಇದರ ಮೇಲೆ ಕ್ಷೇತ್ರ ಸಂಪನ್ಮೂಲ ಕೇಂದ್ರವಿದೆ. ಜಿಲ್ಲೆಗೆ 'ಡಯಟ್' ಎಂದು ಕರೆಯುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹುಟ್ಟಿದ ಸಂಸ್ಥೆಗಳಿವು.

ಒಂದು ನಿದರ್ಶನ

ಇಂಥ ನೆರವಿನಿಂದ ಏನಾಗಬಲ್ಲುದು ಎಂಬುದಕ್ಕೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕನ್ನು ನೋಡಬಹುದು. ಕಾಡಂಚಿನ ಈ ತಾಲ್ಲೂಕಿನ ಉಪಾಧ್ಯಾಯರು ಕೆಲವರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಚೀಟಿಗಳ ಮೂಲಕ ಪಾಠ ನಡೆಯುವುದನ್ನು ಕಂಡರು. ಹಿಂತಿರುಗಿ ತಾವೇ ಕೂಡಿ ಕುಳಿತು ಕನ್ನಡದಲ್ಲಿ ಅಂಥ ಚೀಟಿಗಳನ್ನು ಸಿದ್ಧಮಾಡಿದರು. ಯುನಿಸೆಫ್ ನೆರವೂ ದೊರೆಯಿತು. 1995ರಲ್ಲಿ ಹೀಗೆ ಹುಟ್ಟಿದ್ದೇ 'ನಲಿ-ಕಲಿ'. 2009-10ರ ವೇಳೆಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಹರಡಿತು.

ನಲಿ-ಕಲಿ ಕೋಣೆಯನ್ನು ಹೊರಗಿನಿಂದ ನೋಡಿದವರು "ಮಕ್ಕಳು ಗುಂಪುಗೂಡಿ ಆಡುತ್ತಿದ್ದಾರೆ, ಪಾಠವೇ ಇಲ್ಲ" ಎಂದುಕೊಳ್ಳುವುದುಂಟು. ಅದು ಹಾಗಲ್ಲ. ಕಲಿಯಬೇಕಾದುದನ್ನೆಲ್ಲ ಏಣಿಯ ಮೆಟ್ಟಿಲುಗಳಂತೆ ಜೋಡಿಸಿರುತ್ತಾರೆ. ಪ್ರತಿ ಮಗು ತಾನಿರುವ ಮೆಟ್ಟಿಲಿನ ಚೀಟಿ ಹಿಡಿದು ಕೆಲಸ ಮಾಡುತ್ತದೆ. ಒಂದು ಗುಂಪಿಗೆ ಉಪಾಧ್ಯಾಯರು ಕಲಿಸುತ್ತಾರೆ, ಇನ್ನೊಂದರಲ್ಲಿ ಗೆಳೆಯರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಅಭ್ಯಾಸ ಮಾಡುತ್ತದೆ. ನಾಟಿಯ ಕಾಲದಲ್ಲೋ ಜ್ವರ ಬಂದೋ ಮಗು ನಾಲ್ಕು ದಿನ ತಪ್ಪಿಸಿಕೊಂಡರೆ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಒಕ್ಕಲು ಮಕ್ಕಳಿಗೆ ಇದರಿಂದ ಬಹಳ ಅನುಕೂಲ.

ಆದರೆ ಇದನ್ನು ನಡೆಸುವುದು ಸುಲಭವಲ್ಲ. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿರುವಾಗ ಪ್ರತಿಯೊಬ್ಬರ ಮೆಟ್ಟಿಲೂ ಉಪಾಧ್ಯಾಯರಿಗೆ ನೆನಪಿರಬೇಕು. ತರಬೇತಿಯಿಲ್ಲದವರ ಕೈಯಲ್ಲಿ ಚೀಟಿಗಳು ಬರಿಯ ಕಾಗದ. ಒಳ್ಳೆಯ ಬೀಜವಿದ್ದೂ ಬಿತ್ತುವ ಹದ ತಿಳಿಯದಿದ್ದರೆ ಬೆಳೆ ಬಂದೀತೆ?

ಎಷ್ಟು ದಿನ ಹೋಗುತ್ತದೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಉಪಾಧ್ಯಾಯರೂ ವರ್ಷಕ್ಕೆ ಕನಿಷ್ಠ 50 ಗಂಟೆ ಇಂಥ ಕಲಿಕೆಯಲ್ಲಿ ತೊಡಗಬೇಕೆಂದು ಹೇಳಿದೆ. ದಿನಕ್ಕೆ 5 ಗಂಟೆಯಂತೆ ಲೆಕ್ಕ ಹಾಕಿದರೆ ಇದು 10 ದಿನ. ಒಂದರಿಂದ ಐದನೆಯ ತರಗತಿಗೆ ವರ್ಷದಲ್ಲಿ ಕನಿಷ್ಠ 200 ದಿನ ಶಾಲೆ ನಡೆಯಬೇಕೆಂಬುದು 2009ರ ಶಿಕ್ಷಣ ಹಕ್ಕು ಕಾಯಿದೆಯ ನಿಯಮ. 10 ದಿನದ ಕಲಿಕೆ ಉಳಿದ 190 ದಿನಗಳ ಪಾಠವನ್ನು ಸುಧಾರಿಸಿದರೆ ನಷ್ಟವಿಲ್ಲ. ಸುಧಾರಿಸದಿದ್ದರೆ ಮಾತ್ರ ಆ 10 ದಿನಗಳೂ ದಂಡವೇ. ಹೀಗೆ ದಂಡವಾಗದಂತೆ ನೋಡಿಕೊಳ್ಳುವುದರಲ್ಲಿ ನಿಮಗೂ ಪಾಲಿದೆ.

ನೀವು ಮಾಡಬಹುದಾದುದೇನು?

ಪ್ರತಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಎಸ್.ಡಿ.ಎಂ.ಸಿ. ಎಂದರೆ ಇದೇ. ಕಾಯಿದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳು ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆ ಸಮಿತಿಯ ಸಭೆಯಲ್ಲಿ ಈ ವಿಷಯಗಳನ್ನು ಎತ್ತಿರಿ.

ಒಂದು: ತರಬೇತಿಯ ದಿನಗಳನ್ನು ಮುಂಚಿತವಾಗಿ ತಿಳಿಸುವಂತೆ ಕೇಳಿರಿ. ಇಬ್ಬರೂ ಉಪಾಧ್ಯಾಯರು ಒಂದೇ ದಿನ ಹೋಗದಂತೆ ಏರ್ಪಾಟು ಮಾಡಲು ಸಿ.ಆರ್.ಪಿ.ಯವರಿಗೆ ಬರೆದು ಕೊಡಿರಿ.

ಎರಡು: ಉಪಾಧ್ಯಾಯರು ಹಿಂತಿರುಗಿದ ಮೇಲೆ "ಏನು ಕಲಿತು ಬಂದಿರಿ, ನಮ್ಮ ಮಕ್ಕಳಿಗೆ ಹೇಗೆ ಉಪಯೋಗ?" ಎಂದು ವಿಶ್ವಾಸದಿಂದ ಕೇಳಿರಿ. ಜಗಳದ ದನಿ ಬೇಡ. ಕೇಳುವವರಿದ್ದಾರೆಂದು ತಿಳಿದರೆ ಕೆಲಸಕ್ಕೆ ಹುರುಪು ಬರುತ್ತದೆ.

ಮೂರು: ಸಿ.ಆರ್.ಪಿ. ಬಂದ ದಿನ ಅವರು ದಾಖಲೆ ಪುಸ್ತಕ ನೋಡಿ ಹೊರಟುಹೋದರೋ ತರಗತಿಯಲ್ಲಿ ಕುಳಿತರೋ ವಿಚಾರಿಸಿರಿ. ಕುಳಿತು ಪಾಠ ನೋಡುವಂತೆ ವಿನಂತಿಸಿರಿ.

ನಾಲ್ಕು: ಉಪಾಧ್ಯಾಯರಿಗೆ ಬೇರೆ ಕೆಲಸ ಹೊರಿಸಬೇಡಿರಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರರ ಹೊರತು ಶಿಕ್ಷಣಕ್ಕೆ ಸಂಬಂಧಿಸದ ಕೆಲಸಕ್ಕೆ ಅವರನ್ನು ನೇಮಿಸಕೂಡದೆಂದು ಕಾಯಿದೆಯೇ ಹೇಳುತ್ತದೆ.

ಐದು: ರಾತ್ರಿ ಊಟವಾದ ಮೇಲೆ ಮಗುವನ್ನು ಹತ್ತಿರ ಕೂರಿಸಿಕೊಂಡು ಒಂದು ಪುಟ ಓದಿಸಿರಿ. ನಿಮಗೆ ಓದು ಬಾರದಿದ್ದರೂ ಮಗು ತಡವರಿಸುವುದು ನಿಮಗೆ ಗೊತ್ತಾಗುತ್ತದೆ. ಮರುದಿನ ಅದನ್ನು ಮೇಷ್ಟ್ರಿಗೆ ತಿಳಿಸಿರಿ. ಇದಕ್ಕಿಂತ ಒಳ್ಳೆಯ ವರದಿ ಅವರಿಗೆ ಮತ್ತಾವುದೂ ಇಲ್ಲ.

ಊರಿನ ಶಾಲೆಯ ಮೇಲೆ ನಂಬಿಕೆ ಹೋದರೆ, ಉಳ್ಳವರು ಮಕ್ಕಳನ್ನು ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಕಳಿಸುತ್ತಾರೆ. ಉಳಿಯುವುದು ಇಲ್ಲದವರ ಮಕ್ಕಳು. ಹಾಗಾಗದಿರಬೇಕಾದರೆ ಮೇಷ್ಟ್ರು ಕಲಿಯುತ್ತಿರಬೇಕು, ಊರು ಅವರ ಬೆನ್ನಿಗೆ ನಿಂತಿರಬೇಕು. ಮುಂದಿನ ಸಮಿತಿ ಸಭೆ ಯಾವ ದಿನವೆಂದು ಇಂದೇ ಕೇಳಿ ತಿಳಿದುಕೊಳ್ಳಿರಿ.