ಶ್ವಾನಗಳ ವಂಶಪುಸ್ತಕ ಮತ್ತು ಅದರ ಪ್ರಾಮಾಣ್ಯ

ಶುದ್ಧತಳಿಯ ನಾಯಿಮರಿಯನ್ನು ಮಾರುವವರು ಅದರೊಡನೆ ಒಂದು ನೋಂದಣಿಪತ್ರವನ್ನೂ ಕೊಡುವುದುಂಟು. ಮರಿಯ ತಂದೆತಾಯಿಗಳ ಮತ್ತು ಕೆಲವು ತಲೆಮಾರುಗಳ ಪೂರ್ವಜರ ಹೆಸರುಗಳು ಅದರಲ್ಲಿರುತ್ತವೆ. ಈ ಪತ್ರದಿಂದ ಸಿದ್ಧವಾಗುವುದೇನು, ಸಿದ್ಧವಾಗದಿರುವುದೇನು ಎಂಬುದನ್ನು ಅರಿತ ಹೊರತು, ಯಾವ ನೋಂದಣಿಸಂಸ್ಥೆ ವಿಶ್ವಾಸಾರ್ಹವೆಂದು ನಿರ್ಣಯಿಸುವುದು ಸಾಧ್ಯವಿಲ್ಲ.

ಇಂಗ್ಲೆಂಡಿನ ಪಂದ್ಯದ ಕುದುರೆಗಳಿಗೆ 1791ರಲ್ಲಿಯೇ ಅಚ್ಚಾದ ವಂಶಪುಸ್ತಕವಿತ್ತು. ನಾಯಿಗಳಿಗೆ ಅಂಥದು ದೊರೆತದ್ದು ತಡವಾಗಿ. 1859ರಿಂದ ಅಲ್ಲಿ ಶ್ವಾನಪ್ರದರ್ಶನಗಳು ನಡೆಯತೊಡಗಿದುವು. ಆದರೆ ಒಂದೇ ಹೆಸರಿನ ನಾಯಿಗಳು ಹಲವಿದ್ದುದರಿಂದ ಯಾವುದು ಯಾವುದೆಂಬ ಗೊಂದಲ ಉಂಟಾಯಿತು. 1873ರಲ್ಲಿ ಸ್ಥಾಪಿತವಾದ ಕೆನೆಲ್ ಕ್ಲಬ್ ಮರುವರ್ಷವೇ ಮೊದಲ ವಂಶಪುಸ್ತಕವನ್ನು ಪ್ರಕಟಿಸಿ, 1880ರಲ್ಲಿ ಹೆಸರುಗಳ ನೋಂದಣಿಯನ್ನು ಆರಂಭಿಸಿತು. ಅಮೆರಿಕದ ಸಂಸ್ಥೆ 1884ರಲ್ಲಿ ಹುಟ್ಟಿತು. ಗುರುತನ್ನು ಖಚಿತಪಡಿಸುವುದೇ ನೋಂದಣಿಯ ಮೂಲೋದ್ದೇಶ; ಆರೋಗ್ಯವನ್ನು ಪರೀಕ್ಷಿಸುವುದಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಭೇದವನ್ನು ಮರೆತರೆ ಆಗುವ ಅನರ್ಥಕ್ಕೆ ಡಾಲ್ಮೇಷಿಯನ್ ತಳಿ ನಿದರ್ಶನ. ಈ ತಳಿಯ ನಾಯಿಗಳ ಮೂತ್ರದಲ್ಲಿ ಯೂರಿಕ್ ಆಮ್ಲ ಅಧಿಕವಾಗಿದ್ದು, ಅನೇಕವುಗಳಿಗೆ ಮೂತ್ರಕೋಶದಲ್ಲಿ ಕಲ್ಲು ಉಂಟಾಗುತ್ತದೆ. ದೋಷಕ್ಕೆ ಕಾರಣವಾದ ವಂಶವಾಹಿ ಶುದ್ಧ ಡಾಲ್ಮೇಷಿಯನ್‌ಗಳೆಲ್ಲದರಲ್ಲಿಯೂ ನೆಲೆಸಿದ್ದುದರಿಂದ, ತಳಿಯೊಳಗೆ ಎಷ್ಟು ಆಯ್ಕೆ ಮಾಡಿದರೂ ಫಲವಿರಲಿಲ್ಲ. 1973ರಲ್ಲಿ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಪಾಯಿಂಟರ್ ತಳಿಯ ಒಂದು ನಾಯಿಯೊಡನೆ ಒಮ್ಮೆ ಸಂಕರ ಮಾಡಿಸಿ, ಮುಂದಿನ ತಲೆಮಾರುಗಳನ್ನು ಮತ್ತೆ ಡಾಲ್ಮೇಷಿಯನ್‌ಗಳೊಡನೆಯೇ ಕೂಡಿಸುತ್ತ ಬಂದರು. ದೋಷವಿಲ್ಲದ ಮರಿಗಳು ದೊರೆತುವು. 1981ರಲ್ಲಿ ಅಮೆರಿಕದ ಸಂಸ್ಥೆ ಅಂಥ ಎರಡು ನಾಯಿಗಳನ್ನು ನೋಂದಾಯಿಸಿತಾದರೂ, ತಳಿಸಂಘದ ಸದಸ್ಯರು ಆಕ್ಷೇಪಿಸಿದುದರಿಂದ ಮುಂದಿನವಕ್ಕೆ ಬಾಗಿಲು ಮುಚ್ಚಿತು. ಮತ್ತೆ ತೆರೆದುದು 2011ರಲ್ಲಿ. ಮೂರು ದಶಕಗಳ ಕಾಲ ಪತ್ರವುಳ್ಳ ನಾಯಿ ರೋಗಪ್ರವೃತ್ತವಾಗಿಯೂ, ಆರೋಗ್ಯವುಳ್ಳ ನಾಯಿ ಪತ್ರವಿಲ್ಲದೆಯೂ ಉಳಿದುವು.

ನಮ್ಮ ಮುಧೋಳದ ಬೇಟೆನಾಯಿಯ ವಿಷಯದಲ್ಲಿ ಇನ್ನೊಂದು ಭೇದವನ್ನು ಗಮನಿಸಬೇಕು. ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರವು ಮುಧೋಳವನ್ನು ದೇಶೀಯ ಶ್ವಾನತಳಿಯೆಂದು ನೋಂದಾಯಿಸಿದೆ. ಇದು ತಳಿಗೆ ದೊರೆತ ಮನ್ನಣೆಯೇ ಹೊರತು, ಮಾರಾಟಕ್ಕೆ ಬಂದ ಯಾವುದೋ ಒಂದು ಮರಿಯ ವಂಶಕ್ಕೆ ಸಾಕ್ಷಿಯಲ್ಲ. ಆ ಸಾಕ್ಷಿಗೆ ಪ್ರತಿಯೊಂದು ಸೂಲನ್ನೂ, ಪ್ರತಿಯೊಂದು ಮರಿಯನ್ನೂ ದಾಖಲಿಸುವ ಪುಸ್ತಕವೇ ಬೇಕು.

ಆದುದರಿಂದ ನೋಂದಣಿಸಂಸ್ಥೆಯನ್ನು ಆರಿಸುವಾಗ ಕೆಲವು ಪ್ರಶ್ನೆಗಳನ್ನು ಕೇಳುವುದು ಅವಶ್ಯ. ಸಂಸ್ಥೆ ತನ್ನ ನಿಯಮಗಳನ್ನು ಪ್ರಕಟಿಸಿದೆಯೆ? ತಂದೆತಾಯಿಗಳೆರಡೂ ಮೊದಲೇ ನೋಂದಣಿಯಾಗಿರಬೇಕೆಂದು ವಿಧಿಸುತ್ತದೆಯೆ, ಅಥವಾ ಭಾವಚಿತ್ರವನ್ನೂ ಶುಲ್ಕವನ್ನೂ ಪಡೆದು ಪತ್ರ ಕಳುಹಿಸುತ್ತದೆಯೆ? ಚರ್ಮದಡಿ ಇಡುವ ಮೈಕ್ರೋಚಿಪ್ಪಿನ ಸಂಖ್ಯೆ ಪತ್ರದಲ್ಲಿರುವ ಸಂಖ್ಯೆಗೆ ಹೊಂದುತ್ತದೆಯೆ? ಸಂದೇಹ ಬಂದಲ್ಲಿ ಡಿಎನ್‌ಎ ಪರೀಕ್ಷೆಯಿಂದ ಪಿತೃತ್ವವನ್ನು ನಿರ್ಣಯಿಸುವ, ಸುಳ್ಳು ಹೇಳಿದವನ ನೋಂದಣಿಯನ್ನು ರದ್ದುಪಡಿಸುವ ಅಧಿಕಾರವನ್ನು ಅದು ಚಲಾಯಿಸುತ್ತದೆಯೆ? ಪತ್ರದಲ್ಲಿರುವ ಸಂಗತಿಗಳು ಬಹುಮಟ್ಟಿಗೆ ನಾಯಿ ಬೆಳೆಸಿದವನು ಹೇಳಿದ ಮಾತುಗಳೇ ಆದುದರಿಂದ, ಆ ಮಾತನ್ನು ಪರೀಕ್ಷಿಸುವ ವ್ಯವಸ್ಥೆಯಷ್ಟೇ ಪತ್ರದ ಬೆಲೆ.

ಇವೆಲ್ಲಕ್ಕೂ ತೃಪ್ತಿಕರವಾದ ಉತ್ತರ ದೊರೆತರೂ ವಂಶ ತಿಳಿದಂತಾಯಿತಷ್ಟೆ. ಪಶುವೈದ್ಯರ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಬೇಕು.